ಪಿಸ್ತೂಲಿನ ಮೂಗಿಗೆ ನತ್ತು

ಗದಗ ಜಿಲ್ಲೆಯಲ್ಲಿ ಪಿಸ್ತೂಲಿನ ಲೈಸೆನ್ಸು ಇರುವವರು ಕಡಿಮೆ, ಪಿಸ್ತೂಲಿನ ಬಗ್ಗೆ ಖಚಿತ ಅಭಿಪ್ರಾಯ ಇರುವವರು ಬಹಳ. ಎಪಿಎಂಸಿ ಅಂಗಳದಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿಯ ವ್ಯವಹಾರ ಮಾಡುವ ಅಡತಿಯವರು, ಪೆಟ್ರೋಲ್ ಪಂಪಿನ ಮಾಲಕರು, ಶಿರಹಟ್ಟಿ ಮುಂಡರಗಿ ಕಡೆಯ ಹಳೆಯ ಗೌಡಕಿ ಮನೆಗಳವರು ಸೇರಿದಲ್ಲಿ ಮಾತು ಹೇಗೋ ಬಂದೂಕಿನತ್ತ ಹೊರಳುತ್ತದೆ. ಹಾಗೆ ಹೊರಳಿದಾಗ ಈಚೆಗೆ ತಪ್ಪದೆ ಕೇಳಿಬರುವ ಮಾತು ಇದು: "ಪಿಸ್ತೂಲು ಭಾಳ ಒದೀತೈತ್ರೀ. ಅದಕ್ಕ ಗುರಿ ತಪ್ಪತೈತಿ. ಮುಂದ ಒಂದು ಕಾಂಪೆನ್ಸೇಟರ್ ಹಾಕಿಸಿದ್ರ ಆತು, ಒದಿಯೂದು ನಿಂದರತೈತಿ." ಮೊಬೈಲಿನಲ್ಲಿ ಅಮೆರಿಕದ ಶೂಟರುಗಳ ವಿಡಿಯೊ ನೋಡಿದ ಹುಡುಗರಂತೂ ಇನ್ನೂ ಒಂದು ಹೆಜ್ಜೆ ಮುಂದೆ. ಹಾಕಿಸಬೇಕೋ ಬೇಡವೋ ಎಂಬುದು ಅವರ ಪಾಲಿಗೆ ಮುಗಿದ ಪ್ರಶ್ನೆ. ಯಾವ ಕಂಪನಿಯದು, ಎಷ್ಟು ಕಿಂಡಿಯದು ಎಂಬಷ್ಟೇ ಬಾಕಿ.

ನನ್ನ ತಕರಾರು ಮೊದಲ ಪ್ರಶ್ನೆಯ ಬಗ್ಗೆಯೇ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಕಾಯ್ದೆಯ ಪ್ರಕಾರ ಮನೆಯ ತಿಜೋರಿಯಲ್ಲಿ ಇರಬಹುದಾದ ಪಿಸ್ತೂಲು, ರಿವಾಲ್ವರುಗಳಿಗೆ ಕಾಂಪೆನ್ಸೇಟರಿನಿಂದ ಆಗುವ ಉಪಕಾರ ಇಲ್ಲವೆನ್ನುವಷ್ಟು ಕಡಿಮೆ, ಅಪಕಾರ ಹಲವು. ಮೇಲಿನ ಮಾತಿನಲ್ಲಿ ಮೂರು ವಾಕ್ಯಗಳಿವೆ. ಪಿಸ್ತೂಲು ಒದೆಯುತ್ತದೆ ಎಂಬ ಮೊದಲನೆಯದು ಅರ್ಧ ಸತ್ಯ. ಅದರಿಂದ ಗುರಿ ತಪ್ಪುತ್ತದೆ ಎಂಬ ಎರಡನೆಯದು ಪೂರ್ತಿ ತಪ್ಪು. ಮೂರನೆಯದು ಬೇರೆ ಯಾವುದೋ ದೇಶದ, ಬೇರೆ ಯಾವುದೋ ಪಿಸ್ತೂಲಿನ ಮಟ್ಟಿಗೆ ನಿಜ.

ಮೊದಲು ಆ ಸಾಮಾನು ಮಾಡುವ ಕೆಲಸ ಏನೆಂದು ನೋಡೋಣ. ತೋಟಾದಲ್ಲಿ ಮದ್ದು ಉರಿದು ಅನಿಲವಾಗುತ್ತದೆ, ಅನಿಲ ಗುಂಡನ್ನು ನಳಿಕೆಯಿಂದ ಆಚೆ ನೂಕುತ್ತದೆ. ಮುಂದಕ್ಕೆ ಹೋದದ್ದರ ಲೆಕ್ಕಕ್ಕೆ ಸರಿಯಾಗಿ ಪಿಸ್ತೂಲು ಹಿಂದಕ್ಕೆ ಬರುತ್ತದೆ. ನಳಿಕೆ ಮುಷ್ಟಿಗಿಂತ ಮೇಲಿರುವುದರಿಂದ ಬರೀ ಹಿಂದಕ್ಕೆ ಬರದೆ ಮೂತಿ ಎತ್ತುತ್ತದೆ. ಕಾಂಪೆನ್ಸೇಟರ್ ಎಂದರೆ ನಳಿಕೆಯ ತುದಿಗೆ ತಿರುಪಿ ಕೂರಿಸುವ, ಮೇಲ್ಗಡೆ ಕಿಂಡಿಗಳಿರುವ ಲೋಹದ ತುಂಡು. ಗುಂಡಿನ ಬೆನ್ನಹಿಂದೆ ಬರುವ ಅನಿಲ ಆ ಕಿಂಡಿಗಳಿಂದ ಮೇಲಕ್ಕೆ ಚಿಮ್ಮುತ್ತದೆ, ಚಿಮ್ಮಿದ ರಭಸಕ್ಕೆ ಮೂತಿ ಕೆಳಗೆ ಒತ್ತಲ್ಪಡುತ್ತದೆ. ಉಪಾಯ ಚೆನ್ನಾಗಿಯೇ ಇದೆ. ಅಮೆರಿಕದ ಮರೀನ್ ಪಡೆಯ ಅಧಿಕಾರಿ ರಿಚರ್ಡ್ ಕಟ್ಸ್ ಹೆಸರಿನ ಕಾಂಪೆನ್ಸೇಟರ್ 1920ರ ದಶಕದಲ್ಲಿ ಥಾಂಪ್ಸನ್ ಸಬ್‌ಮಷಿನ್ ಗನ್ನಿನ ತುದಿಗೆ ಕೂತು ಹೆಸರು ಮಾಡಿತು. ಅಲ್ಲಿ ಅದು ಬೇಕಾಗಿಯೂ ಇತ್ತು. ಕುದುರೆ ಒತ್ತಿ ಹಿಡಿದರೆ ಗುಂಡುಗಳು ಸಾಲಾಗಿ ಹಾರುವ ಆಯುಧ ಅದು, ಒಂದೊಂದು ಗುಂಡಿಗೂ ಮೂತಿ ಒಂದಿಷ್ಟು ಮೇಲೇರುತ್ತ ಹೋಗುತ್ತದೆ. ಒಂದು ಗುಂಡಿಗೆ ಒಂದು ಸಲ ಕುದುರೆ ಎಳೆಯುವವನ ಕಷ್ಟಕ್ಕೆ ಹುಟ್ಟಿದ ಸಾಮಾನಲ್ಲ ಇದು ಎಂಬುದನ್ನು ಈಗಲೇ ಗುರುತು ಹಾಕಿಕೊಳ್ಳಬೇಕು.

ಇನ್ನು ಲೆಕ್ಕ. ಒದೆತದಲ್ಲಿ ಎರಡು ಪಾಲುಗಳಿವೆ. ಒಂದು ಗುಂಡಿನದು, ಇನ್ನೊಂದು ಅನಿಲದ್ದು. ಕಾಂಪೆನ್ಸೇಟರಿನ ಕೈಗೆ ಸಿಗುವುದು ಅನಿಲ ಮಾತ್ರ. ಗುಂಡು ನೆಟ್ಟಗೆ ಹೊರಟುಹೋಗುತ್ತದೆ, ಅದರ ಪಾಲಿನ ಒದೆತವನ್ನು ಯಾವ ಕಿಂಡಿಯೂ ತಿರುಗಿಸಲಾರದು. ಹಾಗಾದರೆ ಅನಿಲದ ಪಾಲು ಎಷ್ಟು? ಅದು ತೋಟಾದಲ್ಲಿ ಎಷ್ಟು ಮದ್ದು ತುಂಬಿದೆ ಎಂಬುದರ ಮೇಲೆ ನಿಂತಿದೆ. .32 ಎಸಿಪಿ ತೋಟಾದ ಗುಂಡು ಸುಮಾರು 4.6 ಗ್ರಾಂ, ಮದ್ದು ಅದರ ಮೂವತ್ತನೆಯ ಒಂದು ಪಾಲಿನಷ್ಟೂ ಇಲ್ಲದ ಒಂದು ಚಿಟಿಕೆ. ಅನಿಲ ಗುಂಡಿಗಿಂತ ಹಲವು ಪಟ್ಟು ಜೋರಾಗಿ ಹೊರಬರುತ್ತದೆಂದು ಹಿಡಿದರೂ ಒಟ್ಟು ಒದೆತದಲ್ಲಿ ಅದರದು ಹತ್ತರಲ್ಲಿ ಒಂದು ಪಾಲಿನ ಆಸುಪಾಸು. ವಿಡಿಯೊದಲ್ಲಿ ನೋಡುವ ಸ್ಪರ್ಧೆಯ ಪಿಸ್ತೂಲುಗಳ ಕಥೆ ಬೇರೆ. ಪ್ರಾಕ್ಟಿಕಲ್ ಶೂಟಿಂಗ್ ಎಂಬ ಆಟದ ಓಪನ್ ವಿಭಾಗದಲ್ಲಿ .38 ಸೂಪರಿನಂಥ ತೋಟಾಗಳಿಗೆ ನಿಧಾನಕ್ಕೆ ಉರಿಯುವ ಮದ್ದನ್ನು ಗಿಡಿದು ತುಂಬುತ್ತಾರೆ. ಕಾಂಪೆನ್ಸೇಟರಿಗೆ ಉಣ್ಣಲು ಅನಿಲ ಬೇಕು ಎಂಬ ಕಾರಣಕ್ಕೇ ಹಾಗೆ ತುಂಬುತ್ತಾರೆ. ಅಂದರೆ ಅಲ್ಲಿ ತೋಟಾ, ಮದ್ದು, ಸ್ಪ್ರಿಂಗು, ಕಾಂಪೆನ್ಸೇಟರು ಒಂದಕ್ಕೊಂದು ಹೊಂದಿಸಿದ ಒಂದೇ ಸಂಸಾರ. ಅದರಲ್ಲಿ ಒಂದನ್ನು ಮಾತ್ರ ಕಿತ್ತು ತಂದು ಬೆಟಗೇರಿಯ ಪಿಸ್ತೂಲಿಗೆ ಸಿಕ್ಕಿಸಿದರೆ ಅದು ಮೂಗಿಗೆ ನತ್ತು ಹಾಕಿದ ಹಾಗೆ. ಚೆಂದ ಕಾಣಬಹುದು, ಉಸಿರಾಟಕ್ಕೇನೂ ಅನುಕೂಲವಿಲ್ಲ.

ಬೆಟಗೇರಿಯ ಪಿಸ್ತೂಲು ಎಂದರೆ ಯಾವುದು? ಇಲ್ಲಿ ಆಯ್ಕೆ ಮಾಡಿದ್ದು ಕಾಯ್ದೆ, ಕೊಳ್ಳುವವರಲ್ಲ. ಸೈನ್ಯ ಮತ್ತು ಪೊಲೀಸರು ಬಳಸುವ 9 ಎಂಎಂ ಪ್ಯಾರಾಬೆಲಮ್ ನಮ್ಮ ದೇಶದಲ್ಲಿ ನಿಷೇಧಿತ ಬೋರು, ಸಾಮಾನ್ಯ ನಾಗರಿಕರಿಗೆ ಅದರ ಲೈಸೆನ್ಸು ಇಲ್ಲ. ಹೀಗಾಗಿ ಆತ್ಮರಕ್ಷಣೆಗೆಂದು ಲೈಸೆನ್ಸು ಪಡೆದವರ ಕೈಯಲ್ಲಿ ಹೆಚ್ಚಾಗಿ ಇರುವುದು .32. ಒಂದೋ ಸರಕಾರಿ ಆಯುಧ ಕಾರ್ಖಾನೆಯ .32 ಪಿಸ್ತೂಲು, ಇಲ್ಲವೇ ಕಾನಪುರದ .32 ರಿವಾಲ್ವರು. ಈ ತೋಟಾಗಳ ಒತ್ತಡವನ್ನು ಅಮೆರಿಕದ ಸಾಮಿ ಮಾನದಂಡದಲ್ಲಿ ಪಕ್ಕಪಕ್ಕ ಇಟ್ಟು ನೋಡಿದರೆ ವಿಷಯ ತಾನಾಗಿ ಬಿಚ್ಚಿಕೊಳ್ಳುತ್ತದೆ. .38 ಸೂಪರಿಗೆ ಚದರ ಅಂಗುಲಕ್ಕೆ 36,500 ಪೌಂಡು, 9 ಎಂಎಂಗೆ 35,000. ನಮ್ಮ .32 ಎಸಿಪಿಗೆ 20,500. ರಿವಾಲ್ವರಿಗೆ ಹಾಕುವ .32 ಎಸ್ ಅಂಡ್ ಡಬ್ಲ್ಯು ಲಾಂಗಿಗೆ ಬರೀ 15,000. ಇವು ಗರಿಷ್ಠ ಮಿತಿಗಳು. ನಳಿಕೆಯ ತುದಿಗೆ ಬರುವ ಹೊತ್ತಿಗೆ ಒತ್ತಡ ಇನ್ನೂ ಎಷ್ಟೋ ಇಳಿದಿರುತ್ತದೆ. .45 ಎಸಿಪಿ ಗಾತ್ರದಲ್ಲಿ ದೊಡ್ಡದು, ಆದರೂ ಅದರ ಒತ್ತಡ 21,000 ಮಾತ್ರ. ಆ ಪಿಸ್ತೂಲಿಗೆ ಕಾಂಪೆನ್ಸೇಟರ್ ಹಾಕಿದಾಗ ಸಿಗುವ ಲಾಭದ ಬಹುಭಾಗ ಆ ಲೋಹದ ಭಾರದಿಂದಲೇ ಬಂದದ್ದು ಎಂದು ಅನುಭವಿ ಶೂಟರುಗಳು ಮೊದಲಿನಿಂದ ಹೇಳುತ್ತ ಬಂದಿದ್ದಾರೆ. ರಿವಾಲ್ವರಿನದು ಇನ್ನೊಂದು ತಾಪತ್ರಯ. ತಿರುಗುವ ಗಾಲಿಗೂ ನಳಿಕೆಗೂ ನಡುವೆ ಕೂದಲೆಳೆಯಷ್ಟು ಸಂದು ಇರಲೇಬೇಕು, ಒಂದಿಷ್ಟು ಅನಿಲ ಅಲ್ಲೇ ಸೋರಿಹೋಗುತ್ತದೆ. ಉಳಿದದ್ದರಲ್ಲಿ ತುದಿಯ ಕಿಂಡಿಗೆ ಸಿಗುವುದು ಎಷ್ಟು?

ಇಷ್ಟು ಹೇಳಿದರೆ ಕೆಲವರು ಹೇಳುತ್ತಾರೆ: ಇರಲಿ, ಹತ್ತರಲ್ಲಿ ಒಂದಾದರೂ ಕಡಿಮೆಯಾಯಿತಲ್ಲ, ಗುರಿ ಅಷ್ಟು ಸುಧಾರಿಸಲಿಲ್ಲವೆ? ಇಲ್ಲಿಯೇ ಎರಡನೆಯ ವಾಕ್ಯದ ತಪ್ಪಿರುವುದು.

ನಾಲ್ಕು ಅಂಗುಲದ ನಳಿಕೆಯಲ್ಲಿ ಗುಂಡು ಇರುವ ಕಾಲ ಒಂದು ಮಿಲಿಸೆಕೆಂಡಿಗಿಂತ ಕಡಿಮೆ. ಮನುಷ್ಯನ ಕೈಗೆ ಏನೋ ತಾಗಿತೆಂದು ಮೆದುಳಿಗೆ ತಿಳಿದು, ಅದು ಸ್ನಾಯುವಿಗೆ ಹೇಳಿ, ಸ್ನಾಯು ಅಲುಗಲು ಸುಮಾರು ಇನ್ನೂರು ಮಿಲಿಸೆಕೆಂಡು ಬೇಕು. ಅಂದರೆ ಒದೆತ ನಿಮಗೆ ಗೊತ್ತಾಗುವ ಹೊತ್ತಿಗೆ ಗುಂಡು ಗೋಡೆಯನ್ನೋ ಮಣ್ಣಿನ ದಿಬ್ಬವನ್ನೋ ಸೇರಿ ಆಗಿದೆ. ಗುಂಡು ನಳಿಕೆಯಲ್ಲಿರುವಾಗಲೇ ಮೂತಿ ಏಳಲು ಶುರುವಾಗುವುದು ನಿಜ. ಆದರೆ ಆ ಏಳುವಿಕೆ ಪ್ರತಿ ಸಲವೂ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿದೇ ಗುರಿಯ ಮುಂಗಾಣ, ಹಿಂಗಾಣಗಳನ್ನು ಕೂರಿಸಿರುತ್ತಾರೆ. ಕಾಂಪೆನ್ಸೇಟರಿನ ಕಿಂಡಿಗೆ ಅನಿಲ ಬರುವುದೇ ಗುಂಡು ಅಲ್ಲಿಗೆ ಬಂದ ಮೇಲೆ. ಹಾಗಾಗಿ ಅದು ಸುಧಾರಿಸುವುದೇನಿದ್ದರೂ ಎರಡನೆಯ ಗುಂಡಿನ ವೇಗವನ್ನು, ಅಂದರೆ ಮೂತಿ ಬೇಗ ಕೆಳಗಿಳಿದು ಮತ್ತೆ ಗುರಿ ಸಿಗುವುದನ್ನು. ಮೊದಲ ಗುಂಡು ಎಲ್ಲಿ ಬೀಳುತ್ತದೆ ಎಂಬುದಕ್ಕೂ ಅದಕ್ಕೂ ಏನೇನೂ ಸಂಬಂಧವಿಲ್ಲ.

ಮತ್ತೆ ಗುಂಡು ಕೆಳಗೆ ಎಡಕ್ಕೆ ಹೋಗಿ ಬೀಳುವುದು ಯಾಕೆ? ಬಲಗೈಯವರಲ್ಲಿ ಹತ್ತು ಜನರಿಗೆ ಪಿಸ್ತೂಲು ಕೊಟ್ಟು ನೋಡಿ, ಹೊಸಬರ ಗುಂಡುಗಳೆಲ್ಲ ಹೆಚ್ಚಾಗಿ ಅಲ್ಲೇ ಬೀಳುತ್ತವೆ. ಒದೆತ ಗುರಿಯನ್ನು ಕೆಡಿಸುವುದಾಗಿದ್ದರೆ ಗುಂಡು ಮೇಲಕ್ಕೆ ಹೋಗಬೇಕಿತ್ತು, ಯಾಕೆಂದರೆ ಮೂತಿ ಮೇಲಕ್ಕಲ್ಲವೆ ಏಳುವುದು? ಕೆಳಗೆ ಬೀಳುವುದಕ್ಕೆ ಕಾರಣ ಒದೆತ ಬರುವ ಮುಂಚೆಯೇ ಕೈ ಬೆಚ್ಚಿ, ಬರಲಿರುವ ಒದೆತಕ್ಕೆ ಎದುರಾಗಿ ಮಣಿಕಟ್ಟು ಮುಂದಕ್ಕೆ ಒತ್ತುವುದು. ಇದನ್ನು ಕಂಡುಹಿಡಿಯುವ ಉಪಾಯ ತೀರ ಹಳೆಯದು, ಎಲ್ಲ ತರಬೇತುದಾರರಿಗೂ ಗೊತ್ತಿರುವುದು. ರೇಂಜಿನಲ್ಲಿ ತರಬೇತುದಾರ ಶಿಷ್ಯನಿಗೆ ತಿಳಿಯದಂತೆ ನಿಜ ತೋಟಾಗಳ ನಡುವೆ ಒಂದು ಡಮ್ಮಿ ತೋಟಾ ಸೇರಿಸುತ್ತಾನೆ. ಶಿಷ್ಯ ಗುರಿ ಹಿಡಿದು ಕುದುರೆ ಎಳೆಯುತ್ತಾನೆ, ಬರೀ 'ಕಟ್' ಎಂಬ ಸದ್ದು. ಗುಂಡಿಲ್ಲ, ಹೊಗೆಯಿಲ್ಲ, ಒದೆತವೂ ಇಲ್ಲ. ಆದರೂ ಪಿಸ್ತೂಲಿನ ಮೂತಿ ಅರ್ಧ ಗೇಣು ಕೆಳಗೆ ಕುಕ್ಕರಿಸುತ್ತದೆ. ಸುತ್ತ ನಿಂತವರು ನಗುತ್ತಾರೆ. ಈ ಕುಕ್ಕರಿಸುವಿಕೆಗೆ ಯಾವ ಕಂಪನಿಯ ಕಾಂಪೆನ್ಸೇಟರ್ ಹಾಕುತ್ತೀರಿ?

ಹಾಕಿದರೆ ಬೆಚ್ಚುವುದು ಹೆಚ್ಚಾಗುವ ಸಂಭವವೇ ಹೆಚ್ಚು. ಬೆಚ್ಚುವುದಕ್ಕೆ ಕೈಗೆ ಬೀಳುವ ಪೆಟ್ಟಿಗಿಂತ ಕಿವಿಗೆ ಬೀಳುವ ಪೆಟ್ಟು ದೊಡ್ಡ ಕಾರಣ. ಪಿಸ್ತೂಲಿನ ಸದ್ದು ಕಿವಿಗೆ ಕೇಡೆಂದು ಹೇಳುವ 140 ಡೆಸಿಬಲ್ ಮಿತಿಯನ್ನು ಹೇಗೂ ದಾಟುತ್ತದೆ. ಮುಂದಕ್ಕೆ ಹೋಗಬೇಕಾದ ಅನಿಲವನ್ನು ಮೇಲಕ್ಕೂ ಪಕ್ಕಕ್ಕೂ ತಿರುಗಿಸಿದರೆ ಆ ಸದ್ದು ಹೊಡೆಯುವವನ ಮುಖಕ್ಕೆ, ಪಕ್ಕದಲ್ಲಿ ನಿಂತವರ ಕಿವಿಗೆ ಇನ್ನಷ್ಟು ಹತ್ತಿರವಾಗುತ್ತದೆ. ರಾತ್ರಿಯಲ್ಲಾದರೆ ಕಿಂಡಿಯಿಂದ ಏಳುವ ಬೆಂಕಿ ಕಣ್ಣ ಮುಂದೆಯೇ. ಆತ್ಮರಕ್ಷಣೆಯ ಲೈಸೆನ್ಸು ಪಡೆದವರು ಪಿಸ್ತೂಲು ತೆಗೆಯುವ ಪ್ರಸಂಗ ಬಂದರೆ ಅದು ಹೆಚ್ಚಾಗಿ ರಾತ್ರಿಯೇ, ಕೋಣೆಯೊಳಗೋ ಕಾರಿನಲ್ಲೋ, ಮೈಗೆ ತೀರ ಹತ್ತಿರ ಹಿಡಿದು. ಬಿಸಿ ಅನಿಲ, ಸೀಸದ ಚೂರು ಆಗ ಎತ್ತ ಹಾರುತ್ತವೆ ಎಂದು ವಿಡಿಯೊದವರು ತೋರಿಸುವುದಿಲ್ಲ. ಅವರು ಬಯಲಿನಲ್ಲಿ, ಹಗಲಿನಲ್ಲಿ, ಕನ್ನಡಕ ಮತ್ತು ಕಿವಿಮುಚ್ಚಳ ಹಾಕಿಕೊಂಡು ಹೊಡೆಯುತ್ತಾರೆ.

ಆಟದ ಮಾತಿಗೆ ಬರೋಣ. ಒದೆತವೇ ಗುರಿಯ ಶತ್ರು ಎಂಬುದಾಗಿದ್ದರೆ ಅದನ್ನು ಹಿಡಿದುಹಾಕುವ ಸಾಮಾನನ್ನು ಒಲಿಂಪಿಕ್ ಶೂಟರುಗಳು ಮೊದಲು ಬಳಸಬೇಕಿತ್ತು. ಒಂದು ಕಾಲಕ್ಕೆ ಬಳಸುತ್ತಲೂ ಇದ್ದರು. 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲಿನಲ್ಲಿ ಮೊದಲು .22 ಶಾರ್ಟ್ ಎಂಬ ಮೆತ್ತನೆಯ ತೋಟಾ ನಡೆಯುತ್ತಿತ್ತು, ನಳಿಕೆಗೆ ರಂಧ್ರ ಕೊರೆದ ಪಿಸ್ತೂಲುಗಳಿದ್ದವು. 2005ರಿಂದ ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ ಎರಡನ್ನೂ ತೆಗೆದುಹಾಕಿತು. ಈಗ 25 ಮೀಟರ್ ಪಿಸ್ತೂಲಿನಲ್ಲಿ ಕಾಂಪೆನ್ಸೇಟರ್, ಮಝಲ್ ಬ್ರೇಕ್, ರಂಧ್ರದ ನಳಿಕೆ ಯಾವುದೂ ಇಲ್ಲ. ಆಮೇಲೆ ಏನಾಯಿತು? ಜರ್ಮನಿಯ ರಾಲ್ಫ್ ಶೂಮನ್ ಹಳೆಯ ನಿಯಮದಲ್ಲಿ 1992, 1996, 2004ರ ಒಲಿಂಪಿಕ್ ಚಿನ್ನ ಗೆದ್ದವನು. ಸಲಕರಣೆಯ ಪುಣ್ಯ ಅದೆಂದು ಹೇಳುವವರಿಗೆ 2008ರ ಬೀಜಿಂಗ್ ಉತ್ತರ ಕೊಟ್ಟಿತು: ಹೊಸ ನಿಯಮ, ಗಟ್ಟಿ ತೋಟಾ, ರಂಧ್ರವಿಲ್ಲದ ನಳಿಕೆ, ನಲವತ್ತಾರನೆಯ ವಯಸ್ಸು, ಆದರೂ ಬೆಳ್ಳಿ. ಅದೇ ಸ್ಪರ್ಧೆಯಲ್ಲಿ 2012ರ ಲಂಡನ್ನಿನಲ್ಲಿ ನಮ್ಮ ವಿಜಯ್ ಕುಮಾರ್ ಬೆಳ್ಳಿ ತಂದರು. ನಾಲ್ಕು ಸೆಕೆಂಡಿನಲ್ಲಿ ಐದು ಗುರಿಗೆ ಐದು ಗುಂಡು ಹೊಡೆಯುವ ಆಟ ಅದು. ಎರಡನೆಯ ಗುಂಡಿನ ವೇಗಕ್ಕೆ ಕಾಂಪೆನ್ಸೇಟರ್ ಬೇಕು ಎನ್ನುವವರು ಈ ಆಟವನ್ನು ಒಮ್ಮೆ ನೋಡಬೇಕು.

ನಮ್ಮ ತಿಜೋರಿಯ .32ಕ್ಕೆ ಇನ್ನೂ ಹತ್ತಿರದ ಉದಾಹರಣೆಯೂ ಇದೆ. 25 ಮೀಟರ್ ಸೆಂಟರ್ ಫೈರ್ ಎಂಬ ಸ್ಪರ್ಧೆಗೆ ಶೂಟರುಗಳು ಹೆಚ್ಚಾಗಿ ಆಯ್ದುಕೊಳ್ಳುವುದು .32 ಎಸ್ ಅಂಡ್ ಡಬ್ಲ್ಯು ಲಾಂಗ್ ತೋಟಾವನ್ನೇ. ಕಾನಪುರದ ರಿವಾಲ್ವರಿಗೆ ಹಾಕುವುದೂ ಅದನ್ನೇ. ಗುಂಡಿನ ಮೂತಿ ಚಪ್ಪಟೆ, ಅಷ್ಟೇ ವ್ಯತ್ಯಾಸ. ಆ ಸ್ಪರ್ಧೆಯಲ್ಲಿ 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ ಜಸ್ಪಾಲ್ ರಾಣಾ 600ಕ್ಕೆ 590 ಹೊಡೆದು ವಿಶ್ವದಾಖಲೆಯನ್ನು ಸರಿಗಟ್ಟಿದರು. ಕರ್ನಾಟಕದ್ದೇ ಹೆಸರು ಬೇಕೆಂದರೆ ಬೆಂಗಳೂರಿನ ಪಿ.ಎನ್. ಪ್ರಕಾಶ್ ಇದ್ದಾರೆ: 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲಿನ ಬೆಳ್ಳಿ, 2016ರ ರಿಯೊ ಒಲಿಂಪಿಕ್ಸಿನಲ್ಲಿ 50 ಮೀಟರ್ ಪಿಸ್ತೂಲು.

ಏರ್ ಪಿಸ್ತೂಲಿನ ಹೆಸರೆತ್ತಿದ ಕೂಡಲೆ ತಿಳಿದವರು ಒಂದು ಆಕ್ಷೇಪ ತೆಗೆಯಬಹುದು, ಅದು ನ್ಯಾಯವಾದದ್ದೇ. 10 ಮೀಟರ್ ಏರ್ ಪಿಸ್ತೂಲುಗಳ ನಳಿಕೆಯಲ್ಲಿ ರಂಧ್ರವಿರಲು ನಿಯಮ ಒಪ್ಪುತ್ತದೆ, ಕೆಲವು ಮಾದರಿಗಳ ಹೊಟ್ಟೆಯೊಳಗೆ ಒದೆತ ನುಂಗುವ ಅಬ್ಸಾರ್ಬರ್ ಕೂಡ ಇರುತ್ತದೆ. ಇದ್ದರೇನಾಯಿತು? ಅವು ಆ ಪಿಸ್ತೂಲಿನ ಜೊತೆಗೇ ಹುಟ್ಟಿದವು, ಹತ್ತಂಕದ ಗುರಿಯಲ್ಲಿ ದಶಾಂಶಕ್ಕಾಗಿ ಬಡಿದಾಡುವವರಿಗೆ ಮಾಡಿದವು. ಗುಂಡಿನ ಹಿಂದಿನ ಗಾಳಿ ಗುಂಡನ್ನು ಅಲುಗಿಸದಿರಲಿ ಎಂಬುದು ಅಲ್ಲಿಯ ರಂಧ್ರಗಳ ಮುಖ್ಯ ಉದ್ದೇಶ. ಏಳನೆಯ ಅಂಕ ಹೊಡೆಯಲು ಒದ್ದಾಡುವ ಹುಡುಗನಿಗೆ ಅದರಿಂದ ಆಗುವುದೇನೂ ಇಲ್ಲ. 2016ರ ಆಯುಧ ನಿಯಮಗಳ ಪ್ರಕಾರ .177 ಬೋರಿನ, 20 ಜೂಲ್ ಒಳಗಿನ ಏರ್ ಪಿಸ್ತೂಲಿಗೆ ಲೈಸೆನ್ಸು ಬೇಕಿಲ್ಲ. ನಮ್ಮ ಊರುಗಳ ಕಾಲೇಜು ಹುಡುಗ ಹುಡುಗಿಯರಿಗೆ ಈ ಆಟಕ್ಕೆ ತೆರೆದಿರುವ ದೊಡ್ಡ ಬಾಗಿಲು ಇದೇ. ಬಾಗಿಲು ತೆರೆದ ಮೊದಲ ದಿನವೇ ಅವರಿಗೆ ಜೋಡಣೆ ಸಾಮಾನುಗಳ ಪಟ್ಟಿ ಕೊಡುವವರ ಮೇಲೆ ನನಗೆ ಸಿಟ್ಟಿದೆ.

ಈಗ ಕಾಯ್ದೆ. "ಅದೇನು ಗುಂಡು ಹಾರಿಸೂ ಸಾಮಾನಲ್ಲಲ್ಲ, ಒಂದು ಕಬ್ಬಿಣದ ತುಂಡು, ಅದಕ್ಕ್ಯಾಕ ಲೈಸೆನ್ಸು" ಎಂಬ ಮಾತು ಸಲೀಸಾಗಿ ಓಡಾಡುತ್ತದೆ. 1959ರ ಆಯುಧ ಕಾಯ್ದೆಯ 2ನೆಯ ಕಲಮು ಓದದೆ ಆಡುವ ಮಾತು ಇದು. ಅಲ್ಲಿ ಬಂದೂಕು ಎಂಬುದರ ವ್ಯಾಖ್ಯೆಯೊಳಗೆ ಬಂದೂಕಿನ ಬಿಡಿಭಾಗಗಳೂ ಬರುತ್ತವೆ, ಸದ್ದನ್ನಾಗಲಿ ಬೆಂಕಿಯ ಮಿಂಚನ್ನಾಗಲಿ ತಗ್ಗಿಸಲು ಮಾಡಿದ ಉಪಕರಣಗಳೂ ಬರುತ್ತವೆ. ಮಾರುಕಟ್ಟೆಯಲ್ಲಿ ಕಾಂಪೆನ್ಸೇಟರ್ ಎಂದು ಸಿಗುವ ಎಷ್ಟೋ ತುಂಡುಗಳು ಮಿಂಚು ತಗ್ಗಿಸುತ್ತೇವೆಂದೂ ಹೇಳಿಕೊಳ್ಳುತ್ತವೆ. ಹಾಗೆ ಹೇಳಿಕೊಂಡ ಮರುಗಳಿಗೆ ಅದು ಕಬ್ಬಿಣದ ತುಂಡಾಗಿ ಉಳಿಯುವುದಿಲ್ಲ. ಮತ್ತೆ ಅದನ್ನು ಕೂರಿಸಲು ನಳಿಕೆಯ ತುದಿಗೆ ತಿರುಪು ಬೇಕು. ಇಲ್ಲಿ ಸಿಗುವ .32ಗಳಿಗೆ ಸಾಮಾನ್ಯವಾಗಿ ಅದು ಇರುವುದಿಲ್ಲ. ಮೋಟರಿನ ಶಾಫ್ಟು, ಪಂಪಿನ ಬಿಡಿಭಾಗ ಕಡೆದುಕೊಡುವ ಲೇತ್ ಅಂಗಡಿಯವನ ಹತ್ತಿರ ಒಂದು ತಾಸಿನ ಕೆಲಸ ಎಂದು ಯಾರಾದರೂ ಹೇಳಿಯಾರು. ಲೈಸೆನ್ಸು ಇಲ್ಲದೆ ಬಂದೂಕನ್ನು ತಯಾರಿಸುವುದು, ದುರಸ್ತಿ ಮಾಡುವುದು, ಮಾರ್ಪಡಿಸುವುದು 5ನೆಯ ಕಲಮಿನ ಉಲ್ಲಂಘನೆ. 2019ರ ತಿದ್ದುಪಡಿಯ ನಂತರ 25ನೆಯ ಕಲಮಿನಲ್ಲಿ ಅದಕ್ಕೆ ಕಡಿಮೆಯೆಂದರೆ ಏಳು ವರ್ಷ, ಹೆಚ್ಚೆಂದರೆ ಜೀವಾವಧಿ. ಆ ಲೇತಿನವನು ತಿಂಗಳಿಡೀ ದುಡಿದರೂ ವಕೀಲರ ಫೀಸು ಹೊಂದಲಾರದು. ಕಾಯ್ದೆಯನ್ನು ಬದಿಗಿಟ್ಟರೂ, ಕಿಂಡಿಯ ತುಂಡು ನಳಿಕೆಯ ನೇರಕ್ಕೆ ಒಂದು ಕೂದಲೆಳೆ ಓರೆಯಾಗಿ ಕೂತರೆ ಗುಂಡು ಅದಕ್ಕೇ ಬಡಿದು ಸಿಡಿಯುತ್ತದೆ. ತುದಿಗೆ ಭಾರ ಕೂರಿಸಿದ ಪಿಸ್ತೂಲು ಸ್ಪ್ರಿಂಗಿನ ಲೆಕ್ಕ ತಪ್ಪಿ ಮುಂದಿನ ತೋಟಾ ಏರಿಸದೆ ನಡುವೆ ಸಿಕ್ಕಿಹಾಕಿಕೊಳ್ಳುವುದೂ ಉಂಟು. ಆಪತ್ತಿಗೆಂದು ಇಟ್ಟ ಪಿಸ್ತೂಲಿಗೆ ಇದಕ್ಕಿಂತ ದೊಡ್ಡ ದೋಷ ಯಾವುದು?

ಈ ಕಡೆಯವರಿಗೆ ಆಯುಧದ ಕಾಯ್ದೆಯೆಂದರೆ ಬರೀ ಕಾಗದವಲ್ಲ ಎಂಬುದನ್ನು ಒಪ್ಪುತ್ತೇನೆ. 1857ರ ನಿರಾಯುಧೀಕರಣ ಕಾಯ್ದೆ ಬಂದಾಗ ಹಲಗಲಿಯ ಬೇಡರು ಆಯುಧ ಕೊಡುವುದಿಲ್ಲವೆಂದು ನಿಂತದ್ದು ಮುಧೋಳದ ಕಡೆಯ ಕಥೆಯಾದರೆ, ಮುಂಡರಗಿ ಭೀಮರಾಯನದು ನಮ್ಮದೇ ಮಣ್ಣಿನದು. ತುಂಗಭದ್ರೆಯ ದಂಡೆಯ ಹಮ್ಮಿಗಿಯಲ್ಲಿ ಕೆಂಚನಗೌಡನ ವಾಡೆಯಲ್ಲಿ ಕೂಡಿಟ್ಟ ಆಯುಧಗಳು ಪತ್ತೆಯಾದದ್ದೇ 1858ರ ಮೇ ಕೊನೆಯ ದಂಗೆಗೆ ಕಿಡಿಯಾಯಿತು. ಡಂಬಳದ ಖಜಾನೆ ಹೋಯಿತು, ಕೊಪ್ಪಳದ ಕೋಟೆ ಕೆಲವೇ ದಿನ ಕೈಯಲ್ಲಿದ್ದು ಜೂನ್ ಮೊದಲ ದಿನ ಬಿತ್ತು, ಭೀಮರಾಯ ಅಲ್ಲಿಯೇ ಮಡಿದ. ಅದೇ ವಾರ ನರಗುಂದದ ಬಾಬಾಸಾಹೇಬ ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ನನ ತಲೆ ತೆಗೆದು, ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿದ. ಶಿರಹಟ್ಟಿ ಆಗ ಸಾಂಗಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮಿರಜಕ್ಕೆ ಸೇರಿದ್ದವು. ಸಂಸ್ಥಾನದ ಕಾಲದ ಬೇಟೆ ಬಂದೂಕುಗಳ ಮಾತು ಅಲ್ಲಿಯ ಹಳೆಯ ವಾಡೆಗಳಲ್ಲಿ ಇನ್ನೂ ಕೇಳಿಬರುತ್ತದೆ. ಹೀಗಾಗಿ ಮಾರ್ನಮಿಯ ದಿನ ಬಂದೂಕಿಗೆ ಕುಂಕುಮ ಹಚ್ಚಿ ಬನ್ನಿ ಏರಿಸುವಾಗ ಮನೆಯ ಹಿರಿಯರ ಮುಖದಲ್ಲಿ ಕಾಣುವ ಗತ್ತು ಸುಳ್ಳಲ್ಲ. ಆದರೆ ಆ ಗತ್ತಿಗೂ ಗುರಿಗೂ ಗಂಟು ಹಾಕಬಾರದು. ವರ್ಷಕ್ಕೊಮ್ಮೆ ಪೂಜೆಗೆ, ಚುನಾವಣೆ ಬಂದಾಗ ಠಾಣೆಗೆ ಜಮಾ ಮಾಡಲು ಎಂದಷ್ಟೇ ತಿಜೋರಿಯಿಂದ ಹೊರಬರುವ ಪಿಸ್ತೂಲಿಗೆ ಇನ್ನೊಂದು ಸಾಮಾನು ಜೋಡಿಸುವುದರಲ್ಲಿ ಆ ಪರಂಪರೆಯ ಗೌರವವೇನೂ ಇಲ್ಲ.

ಒದೆತ ನಿಜವಾಗಿ ಕಾಡುವವರಿಗೆ ದಾರಿ ಇಲ್ಲವೆಂದಲ್ಲ. ಕೊಳ್ಳುವಾಗಲೇ ಇನ್ನೊಂದು ಜನಪ್ರಿಯ ನಂಬಿಕೆಯನ್ನು ಬಿಡಬೇಕು: ಹಗುರ ಪಿಸ್ತೂಲು ಹೆಣ್ಣುಮಕ್ಕಳಿಗೆ, ವಯಸ್ಸಾದವರಿಗೆ ಸುಲಭ ಎಂಬುದು. 2014ರಲ್ಲಿ ಕಾನಪುರದ ಕಾರ್ಖಾನೆ ಮಹಿಳೆಯರಿಗೆಂದು 'ನಿರ್ಭೀಕ್' ಎಂಬ .32 ರಿವಾಲ್ವರ್ ಹೊರತಂದಿತು. ಟೈಟೇನಿಯಂ ಮಿಶ್ರಲೋಹ, ತೂಕ 500 ಗ್ರಾಂ, ಆಗಿನ ಬೆಲೆ ಒಂದು ಲಕ್ಷ ಇಪ್ಪತ್ತು ಸಾವಿರದ ಮೇಲೆ. ಅದರ ಹಳೆಯ ಅಕ್ಕ ಸುಮಾರು 700 ಗ್ರಾಂ ತೂಗುತ್ತದೆ. ತೋಟಾ ಅದೇ, ಗುಂಡು ಅದೇ. ಆದ್ದರಿಂದ ಹಗುರವಾದದ್ದರ ಒದೆತದ ಶಕ್ತಿ ಭಾರದ್ದಕ್ಕಿಂತ ಹೆಚ್ಚುಕಡಿಮೆ ನೂರಕ್ಕೆ ನಲವತ್ತರಷ್ಟು ಹೆಚ್ಚು. ಕಾಂಪೆನ್ಸೇಟರಿನಿಂದ ಹತ್ತರಲ್ಲಿ ಒಂದು ಪಾಲು ಕಳೆಯಲು ಒದ್ದಾಡುವವರು ಮೊದಲು ಈ ನಲವತ್ತನ್ನು ಬಿಟ್ಟುಕೊಡುತ್ತಿದ್ದಾರೆ! ಚೀಲದಲ್ಲಿ ಹೊರಲು ಹಗುರ ಬೇಕು ಎಂಬುದು ಒಪ್ಪುವ ಕಾರಣ. ಹೊಡೆಯಲು ಸುಲಭ ಎಂಬುದು ಒಪ್ಪುವಂಥದ್ದಲ್ಲ.

ಎರಡನೆಯದು ಹಿಡಿ. ಅಂಗೈ ತುಂಬದ, ಇಲ್ಲವೇ ಅಂಗೈಗೆ ದೊಡ್ಡದಾದ ಹಿಡಿಯ ಪಿಸ್ತೂಲು ಕೈಯೊಳಗೆ ಜಾರುತ್ತದೆ. ಜಾರಿದ್ದು ಹೆಚ್ಚು ಒದ್ದಂತೆ ಅನಿಸುತ್ತದೆ. ಕೈಯನ್ನು ಆದಷ್ಟು ಮೇಲೆ, ನಳಿಕೆಗೆ ಹತ್ತಿರ ಹಿಡಿದರೆ ಮೂತಿ ಏಳುವುದು ತಾನಾಗಿ ಕಡಿಮೆಯಾಗುತ್ತದೆ, ಇನ್ನೊಂದು ಕೈಯ ಆಸರೆ ಸೇರಿದರೆ ಇನ್ನೂ ಕಡಿಮೆ. ಒಳ್ಳೆಯ ಕಿವಿಮುಚ್ಚಳಕ್ಕೆ ಖರ್ಚು ಮಾಡಿದ ದುಡ್ಡು ಬೆಚ್ಚುವುದನ್ನು ಇಳಿಸಿದಷ್ಟು ಇನ್ಯಾವ ಸಾಮಾನೂ ಇಳಿಸುವುದಿಲ್ಲ. ಮತ್ತೆ ಎಲ್ಲಕ್ಕೂ ಮಿಗಿಲಾಗಿ ಅಭ್ಯಾಸ. ಲೈಸೆನ್ಸಿನ ಪುಸ್ತಕದಲ್ಲಿ ವರ್ಷಕ್ಕೆ ಇಷ್ಟು ತೋಟಾ ಎಂದು ಬರೆದಿರುತ್ತದೆ. ಅಷ್ಟನ್ನೂ ಮಂಜೂರಾದ ರೇಂಜಿನಲ್ಲಿ, ತರಬೇತುದಾರನ ಎದುರು ಖರ್ಚು ಮಾಡಿ ಮುಗಿಸಿದ ಲೈಸೆನ್ಸುದಾರರನ್ನು ಹುಡುಕಿದರೆ ಸಿಗುವುದು ಕಷ್ಟ. ಹೆಚ್ಚಿನವರ ಬಳಿ ಕೊಂಡ ವರ್ಷದ ತೋಟಾ ಹಾಗೆಯೇ ಕೂತಿರುತ್ತದೆ, ಮದ್ದಿನ ಭರವಸೆಯೂ ಹೋಗಿರುತ್ತದೆ. 2016ರ ನಿಯಮಗಳು ಲೈಸೆನ್ಸಿಗೆ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಕೇಳುತ್ತವೆ. ಅದನ್ನು ಕಚೇರಿಯ ಫೈಲಿಗೆ ಸೇರುವ ಇನ್ನೊಂದು ಕಾಗದವೆಂದು ಮುಗಿಸುವುದು ಮೇಲೆ ಹೇಳಿದ ರೋಗದ್ದೇ ಇನ್ನೊಂದು ಲಕ್ಷಣ.

ಹಾಗಾದರೆ ಯಾರಿಗೂ ಬೇಡವೆ? ಓಪನ್ ವಿಭಾಗದ ಆಟಗಾರರಿಗೆ ಬೇಕು, ಅವರ ಆಟವೇ ಅದು. .44 ಮ್ಯಾಗ್ನಮ್‌ನಂಥ ಭಾರೀ ತೋಟಾ ಹೊಡೆಯುವವರ ಮಣಿಕಟ್ಟಿಗೂ ಅದು ಉಪಕಾರ ಮಾಡುತ್ತದೆ. ಹೊಲಕ್ಕೆ ನುಗ್ಗುವ ಹಂದಿಯ ಕಾಟಕ್ಕೆ ಬೇಕೆಂದು ಕಪ್ಪತಗುಡ್ಡದ ಅಂಚಿನ ರೈತರೊಬ್ಬರು ಕೇಳಿದರೆ, ಆ ಕೆಲಸ ಪಿಸ್ತೂಲಿನದೇ ಅಲ್ಲ. 2019ರಲ್ಲಿ ವನ್ಯಜೀವಿ ಧಾಮವಾದ ಗುಡ್ಡದ ಪಕ್ಕದಲ್ಲಿ ಆ ಪ್ರಶ್ನೆಯನ್ನು ಮೊದಲು ಅರಣ್ಯ ಇಲಾಖೆಯ ಹತ್ತಿರ ಕೇಳಬೇಕು.

ಉಳಿದವರು ಒಬ್ಬರು: ಮಣಿಕಟ್ಟು ನಡುಗುವ, ಸಂಧಿವಾತ ಹಿಡಿದ, ಎಪ್ಪತ್ತು ದಾಟಿದ ಲೈಸೆನ್ಸುದಾರರು. ಕಾಂಪೆನ್ಸೇಟರಿನ ಪರವಾಗಿ ವಾದಿಸುವವರು ಕೊನೆಗೆ ತರುವುದು ಇವರನ್ನೇ, "ಅಜ್ಜಾರ ಕೈಗೆ ಆಧಾರ ಆಕ್ಕೈತ್ರೀ" ಎಂದು. .32ರ ಒದೆತವನ್ನೂ ತಾಳದ ಕೈ ಮೊದಲ ಗುಂಡನ್ನೂ ನೇರ ಹೊಡೆಯಲಾರದು, ಎರಡನೆಯದನ್ನು ಬೇಗ ಹೊಡೆಯುವ ಸಾಮಾನು ಅವರಿಗೆ ಯಾಕೆ? ಅವರ ಮಟ್ಟಿಗೆ 2016ರ ನಿಯಮಗಳಲ್ಲಿ ಬೇರೆಯೇ ಒಂದು ಅನುಕೂಲವಿದೆ. ಎಪ್ಪತ್ತು ವರ್ಷ ತುಂಬಿದವರು, ಇಲ್ಲವೇ ಇಪ್ಪತ್ತೈದು ವರ್ಷ ಆ ಆಯುಧ ಇಟ್ಟುಕೊಂಡವರು, ತಮ್ಮ ವಾರಸುದಾರರಲ್ಲಿ ಒಬ್ಬರ ಹೆಸರಿಗೆ ಅದನ್ನು ವರ್ಗಾಯಿಸಲು ಅರ್ಜಿ ಹಾಕಬಹುದು. ಗದಗದ ಜಿಲ್ಲಾಡಳಿತ ಭವನದಲ್ಲಿ ಜಿಲ್ಲಾಧಿಕಾರಿಯ ಕಚೇರಿಗೆ ಹೋಗಬೇಕು, ವಾರಸುದಾರರು ತಮ್ಮದೇ ಲೈಸೆನ್ಸಿಗೆ ಅರ್ಹರಾಗಿರಬೇಕು, ಪೊಲೀಸ್ ವರದಿ ಬರಬೇಕು. ಒಂದಿಷ್ಟು ತಿರುಗಾಟ ಇದ್ದೇ ಇದೆ. ಅರ್ಜಿಯಲ್ಲಿ ಮಗನ ಹೆಸರೇ ಬರೆಯಬೇಕೆಂದು ಯಾವ ನಿಯಮವೂ ಹೇಳಿಲ್ಲ, ಮಗಳ ಹೆಸರೂ ಬರೆಯಬಹುದು.